ಬಣ್ಣದ ಬದುಕಿನ ಕಥೆಗಳು: ಒಂದು ವಿಚಾರ

ಈ ಸಂಚಿಕೆಗೆ ಲೇಖನವೊಂದನ್ನು ಬರೆದುಕೊಡಬೇಕೆಂದು ಸಂಪಾದಕ ಮಿತ್ರರು ಕೇಳಿದಾಗ ನಮ್ಮ ಮನಸ್ಸಿನಲ್ಲಿದ್ದ ವಿಷಯವೇ ಬೇರೆ. ನೀಲಗಿರಿಯ ಊರ ಹೆಸರುಗಳಲ್ಲಿ ಉಳಿದು ಬಂದಿರುವ ಹಳೆಯ ಕನ್ನಡ ಶಬ್ದಗಳನ್ನು ಕುರಿತು ಬರೆಯೋಣವೆಂದಿದ್ದೆವು. ಅದಕ್ಕೆ ಬೇಕಾದ ಟಿಪ್ಪಣಿಗಳೂ ಸಿದ್ಧವಾಗಿದ್ದುವು. ಒಂಬತ್ತನೆಯ ತರಗತಿಯ ಒಬ್ಬ ವಿದ್ಯಾರ್ಥಿನಿ ಆ ಯೋಜನೆಯನ್ನು ಕೆಡಿಸಿದಳು.

ಜೂನ್ ತಿಂಗಳಿನಲ್ಲಿ ಮುಖ್ಯೋಪಾಧ್ಯಾಯನಾದವನು ಮಾಡುವ ಕೆಲಸವೆಲ್ಲ ಅಧ್ಯಾಪಕ ಬಂಧುಗಳಿಗೆ ಗೊತ್ತಿರುವುದೇ. ದಾಖಲಾತಿ ಪುಸ್ತಕವನ್ನು ತೆರೆದುಕೊಂಡು, ಹೋದ ವರ್ಷ ಎಷ್ಟು, ಈ ವರ್ಷ ಎಷ್ಟು ಎಂದು ಕೂಡಿ ಕಳೆದು ನಿಟ್ಟುಸಿರು ಬಿಡುವುದು. ನಾವು ಹಾಗೆ ಕುಳಿತಿದ್ದಾಗ ಈ ಹುಡುಗಿ ಬಾಗಿಲಲ್ಲಿ ನಿಂತು, "ಸಾರ್, ನಮ್ಮ ಶಾಲೆಗೆ ಮಕ್ಕಳು ಕಡಿಮೆಯಾಗ್ತಿದಾರಂತಲ್ಲ. ನಾವು ಒಂಬತ್ತು ಜನ ಸೇರಿ ಹಾಡಿನ ಗುಂಪು ಕಟ್ಟುತೀವಿ ಸಾರ್. ಮೊಬೈಲಲ್ಲಿ ಹಾಕಿದ್ರೆ ಮಕ್ಕಳು ತಾವಾಗೇ ಬಂದು ಸೇರ್ತಾರೆ" ಎಂದಳು. ಮನೆಯಲ್ಲಿ ಕನ್ನಡ, ಪಾಠದಲ್ಲಿ ತಮಿಳು, ಆಟದಲ್ಲಿ ಎರಡೂ ಆಡುವ ಮಗು, ಕಂಠ ಚೆನ್ನಾಗಿದೆ. ಒಂಬತ್ತೇ ಏಕಮ್ಮಾ, ಎಂಟು ಸಾಲದೆ ಎಂದು ಕೇಳಿದೆವು. ಜಪಾನಿನ ಒಂದು ಚಿತ್ರಕಥೆಯಲ್ಲಿ ಒಂಬತ್ತು ಹುಡುಗಿಯರು ಹಾಡಿ ತಮ್ಮ ಶಾಲೆಯನ್ನು ಮುಚ್ಚದಂತೆ ಉಳಿಸಿಕೊಂಡರಂತೆ. "ನೀವೂ ನೋಡಿ ಸಾರ್" ಎಂದು ಹೆಸರನ್ನು ಚೀಟಿಯಲ್ಲಿ ಬರೆದುಕೊಟ್ಟಳು.

ನೋಡಿದೆವು. ಒಂದನ್ನು ನೋಡಿದ ಮೇಲೆ ಅದೇ ಜಾತಿಯ ಬೇರೆ ಕೆಲವನ್ನೂ ನೋಡಿದೆವು. ಐವತ್ತು ದಾಟಿದ ವಯಸ್ಸಿನಲ್ಲಿ ಇದೆಲ್ಲ ಏಕೆ ಎಂದು ಮನೆಯಲ್ಲಿ ಕೇಳಿದವರಿಗೆ, ಮಕ್ಕಳು ಓದುತ್ತಿರುವ ಪುಸ್ತಕವನ್ನು ಮೇಷ್ಟರು ಓದಬೇಡವೆ ಎಂದೆವು. ಚಿತ್ರವಾದರೂ ಕಥೆ ಕಥೆಯೇ. ಕಥೆಯಾದ ಮೇಲೆ ವಿಮರ್ಶೆಗೆ ಒಳಪಡತಕ್ಕದ್ದೇ.

ಈ ಬಗೆಯ ಜಪಾನಿ ಚಲಿಸುವ ಚಿತ್ರಕಥೆಗಳಿಗೆ ಆನಿಮೆ ಎಂದು ಹೆಸರು. ಅವುಗಳಲ್ಲಿ ಒಂದು ದೊಡ್ಡ ಪಂಗಡ ಐಡಲ್‌ಗಳನ್ನು ಕುರಿತದ್ದು. ಐಡಲ್ ಎಂದರೆ ವಿಗ್ರಹ. ಜಪಾನಿನಲ್ಲಿ ಅದು ಒಂದು ಕಸುಬಿನ ಹೆಸರಾಗಿದೆ. ಹದಿಹರೆಯದ ಹುಡುಗಿಯರನ್ನೋ ಹುಡುಗರನ್ನೋ ಆರಿಸಿ, ಹಾಡು ಕುಣಿತಗಳನ್ನು ಕಲಿಸಿ, ಗುಂಪು ಕಟ್ಟಿ ವೇದಿಕೆಗೆ ತರುವರು. ಅಭಿಮಾನಿಗಳು ಅಲ್ಲಿ ಮೆಚ್ಚುವುದು ಪಳಗಿದ ವಿದ್ಯೆಯನ್ನಲ್ಲ, ಪಳಗಲೆಂದು ಹೆಣಗುತ್ತಿರುವ ಎಳೆತನವನ್ನು. 2005ರಲ್ಲಿ ಟೋಕಿಯೊ ನಗರದ ಅಕಿಹಬಾರದಲ್ಲಿ ಎ. ಕೆ. ಬಿ. 48 ಎಂಬ ಗುಂಪು ಹುಟ್ಟಿತು. ಅದರ ಸದಸ್ಯೆಯರಲ್ಲಿ ಮುಂದಿನ ಸಾಲಿನಲ್ಲಿ ಯಾರು ನಿಲ್ಲಬೇಕೆಂಬುದನ್ನು 2009ರಿಂದ 2018ರವರೆಗೆ ವರ್ಷಕ್ಕೊಂದು ಚುನಾವಣೆ ನಡೆಸಿ ತೀರ್ಮಾನಿಸುತ್ತಿದ್ದರು. ಮತ ಹಾಕುವ ಹಕ್ಕು ಹಾಡಿನ ತಟ್ಟೆಯೊಡನೆ ಬರುತ್ತಿತ್ತು. ನೂರು ತಟ್ಟೆ ಕೊಂಡವನಿಗೆ ನೂರು ಮತ. ನಮ್ಮ ಪಂಚಾಯತಿ ಚುನಾವಣೆಯಲ್ಲಿ ಇಂಥದ್ದನ್ನು ಬಹಿರಂಗವಾಗಿ ಮಾಡಲು ಇನ್ನೂ ಯಾರಿಗೂ ಧೈರ್ಯವಾಗಿಲ್ಲ. 2013ರಲ್ಲಿ ಇದೇ ಗುಂಪಿನ ಒಬ್ಬ ಸದಸ್ಯೆ, ಯುವಕನೊಬ್ಬನ ಸಂಗಡ ಇದ್ದುದು ಪತ್ರಿಕೆಯಲ್ಲಿ ಬಯಲಾದುದಕ್ಕಾಗಿ, ತಲೆ ಬೋಳಿಸಿಕೊಂಡು ಕ್ಯಾಮೆರಾ ಮುಂದೆ ಅತ್ತು ಕ್ಷಮೆ ಬೇಡಿದಳು. ಕಸುಬು ಇಂಥದ್ದು. ಇದನ್ನು ಕುರಿತು ಕಥೆ ಕಟ್ಟುವವನಿಗೆ ಸಾಮಗ್ರಿಯ ಬಡತನವಿದೆಯೆಂದು ಯಾರೂ ಹೇಳಲಾರರು.

ನಮ್ಮ ಹುಡುಗಿ ಬರೆದುಕೊಟ್ಟ ಕಥೆಯ ಹೆಸರು 'ಲವ್ ಲೈವ್! ಸ್ಕೂಲ್ ಐಡಲ್ ಪ್ರಾಜೆಕ್ಟ್'. 2013ರಲ್ಲಿ 13 ಕಂತುಗಳಾಗಿ ಜಪಾನಿನ ದೂರದರ್ಶನದಲ್ಲಿ ಬಂತು. ಮರುವರ್ಷ ಇನ್ನೂ 13. ಒತೊನೊಕಿಜಕ ಎಂಬುದೊಂದು ಹಳೆಯ ಹೆಣ್ಣುಮಕ್ಕಳ ಶಾಲೆ. ಮೂರನೆಯ ವರ್ಷದವರಿಗೆ ಮೂರು ವಿಭಾಗ, ಎರಡನೆಯ ವರ್ಷದವರಿಗೆ ಎರಡು, ಹೊಸದಾಗಿ ಸೇರಿದವರಿಗೆ ಒಂದೇ. ಇದೇ ರೀತಿಯಾದರೆ ಶಾಲೆಯನ್ನು ಮುಚ್ಚಬೇಕಾದೀತೆಂಬ ಪ್ರಕಟಣೆ ಬರುತ್ತದೆ. ಮಿಠಾಯಿ ಅಂಗಡಿಯವರ ಮಗಳಾದ ಹೊನೊಕ ಎಂಬ ವಿದ್ಯಾರ್ಥಿನಿ, ಪಕ್ಕದ ಸಿರಿವಂತ ಶಾಲೆಯಲ್ಲಿ ಹಾಡುವ ಗುಂಪಿಗೆ ಜನ ಮುಗಿಬೀಳುವುದನ್ನು ಕಂಡು, ತಾನೂ ಅಂಥದೊಂದು ಗುಂಪು ಕಟ್ಟುತ್ತಾಳೆ.

ಮೂರು, ಎರಡು, ಒಂದು. ಇದನ್ನು ಕೇಳಿದಾಗ ನಾವು ನೆಟ್ಟಗೆ ಕುಳಿತೆವೆಂಬುದನ್ನು ಮುಚ್ಚಿಡುವುದಿಲ್ಲ. ಇದನ್ನು ಬರೆದಾತ ಯಾವುದೋ ಶಾಲೆಯ ಹಾಜರಿ ಪಟ್ಟಿಯನ್ನು ಕಂಡವನೇ ಇರಬೇಕು. ಜಪಾನಿನಲ್ಲಿ ಮಕ್ಕಳು ಹುಟ್ಟುವುದೇ ಕಡಿಮೆಯಾಗಿ ಪ್ರತಿ ವರ್ಷವೂ ನೂರಾರು ಶಾಲೆಗಳು ಮುಚ್ಚುತ್ತಿವೆ. ನಮ್ಮಲ್ಲಿ ಕಾರಣ ಬೇರೆ, ಫಲ ಒಂದೇ. ಮೂರನೆಯ ಕಂತಿನಲ್ಲಿ ಇನ್ನೂ ಒಳ್ಳೆಯದೊಂದು ಸನ್ನಿವೇಶವಿದೆ. ಮೂವರು ಹುಡುಗಿಯರು ಬೆವರು ಸುರಿಸಿ ತಮ್ಮ ಮೊದಲನೆಯ ಪ್ರದರ್ಶನಕ್ಕೆ ಸಿದ್ಧರಾಗುತ್ತಾರೆ. ತೆರೆ ಸರಿಯುತ್ತದೆ. ಎದುರಿಗೆ ಸಭಾಂಗಣವೆಲ್ಲ ಖಾಲಿ. ಒಬ್ಬರೂ ಬಂದಿಲ್ಲ. ಹುಡುಗಿಯರು ಬಾಯಿ ತೆರೆಯಲಾರದೆ ನಿಲ್ಲುತ್ತಾರೆ. ಆಮೇಲೆ ತಡವಾಗಿ ಓಡಿ ಬಂದ ಒಬ್ಬಳ ಸಲುವಾಗಿ ಹಾಡುತ್ತಾರೆ. ನಾಟಕ ಕಂಪನಿಗಳ ಹಳೆಯ ನಟರು, ಮಳೆ ಹಿಡಿದ ಕ್ಯಾಂಪಿನಲ್ಲಿ ಖಾಲಿ ಕುರ್ಚಿಗಳ ಎದುರು ಬಣ್ಣ ಹಚ್ಚಿ ನಿಂತ ರಾತ್ರಿಗಳನ್ನು ಕುರಿತು ಹೇಳುವುದುಂಟು. ಆ ಮಾತಿನಲ್ಲಿರುವ ಸತ್ಯ ಈ ಚಿತ್ರದಲ್ಲಿಯೂ ಇದೆ.

ಆದರೆ ಆ ಕಂತಿನಿಂದ ಮುಂದಕ್ಕೆ ಕಥೆ ಜಾರತೊಡಗುತ್ತದೆ. ಮೂವರು ಒಂಬತ್ತಾಗುವುದು ಕೆಲವೇ ಕಂತುಗಳಲ್ಲಿ. ನಾಚಿಕೆಯವಳೊಬ್ಬಳು, ಸಿಡುಕಿಯೊಬ್ಬಳು, ತುಂಟಿಯೊಬ್ಬಳು. ಒಬ್ಬೊಬ್ಬಳಿಗೂ ಒಂದೊಂದು ಗುಣ, ತಲೆಗೂದಲಿಗೆ ಒಂದೊಂದು ಬಣ್ಣ. ಎರಿ ಎಂಬ ಹಿರಿಯ ವಿದ್ಯಾರ್ಥಿನಿಯೊಬ್ಬಳು ಮಾತ್ರ ಚಿಕ್ಕಂದಿನಲ್ಲಿ ಬ್ಯಾಲೆ ನೃತ್ಯವನ್ನು ಶ್ರಮಪಟ್ಟು ಕಲಿತವಳು. ಆಯ್ಕೆಯಾಗದೆ ಸೋತು ಬಂದವಳು. ಇವರ ಕುಣಿತ ಕುಣಿತವೇ ಅಲ್ಲವೆಂದು ಆಕೆ ಮುಖಕ್ಕೆ ಹೊಡೆದಂತೆ ಹೇಳುತ್ತಾಳೆ. ವಿದ್ಯೆಯ ಬೆಲೆ ಬಲ್ಲವಳು ಬಂದಳಲ್ಲ, ಇನ್ನು ಕಥೆ ಗಟ್ಟಿಯಾದೀತೆಂದು ನಾವು ಕಾದೆವು. ಸ್ವಲ್ಪ ಹೊತ್ತಿನಲ್ಲೇ ಆಕೆಯೂ ಕೈಹಿಡಿದು ಕರೆದವರ ಜತೆ ಸೇರಿ ನಗುತ್ತಾಳೆ. ಆಕೆಯ ಆಕ್ಷೇಪಣೆಗೆ ಉತ್ತರ ಸಿಗಲಿಲ್ಲ. ಆಕ್ಷೇಪಿಸುವುದನ್ನು ಬಿಟ್ಟಳು, ಅಷ್ಟೆ.

ಮೊದಲ ಭಾಗದ ಕೊನೆಯ ಕಂತುಗಳಂತೂ ನಮ್ಮಂಥವರ ಸಹನೆಯನ್ನು ಪರೀಕ್ಷಿಸುತ್ತವೆ. ಅಷ್ಟು ಹೊತ್ತಿಗೆ ಅರ್ಜಿಗಳು ಹೆಚ್ಚಾಗಿ ಶಾಲೆ ಉಳಿಯಿತೆಂಬ ಸುದ್ದಿ ಬಂದುಬಿಡುತ್ತದೆ. ಯಾವ ಊರಿನ ಯಾವ ಮನೆಯವರು ಏನು ಯೋಚಿಸಿ ತಮ್ಮ ಮಗಳನ್ನು ಇಲ್ಲಿಗೆ ಸೇರಿಸಿದರು? ಪಾಠ ಹೇಗಿದೆ, ದೂರವೆಷ್ಟು, ಶುಲ್ಕವೆಷ್ಟು ಎಂದು ಒಬ್ಬ ತಂದೆಯಾದರೂ ಕೇಳಿದನೆ? ಒಬ್ಬ ಉಪಾಧ್ಯಾಯಿನಿಯಾದರೂ ಮನೆಮನೆಗೆ ನಡೆದಳೆ? ಶಾಲೆಯ ಅಧ್ಯಕ್ಷೆ ಗುಂಪಿನಲ್ಲಿರುವ ಹುಡುಗಿಯೊಬ್ಬಳ ತಾಯಿಯೇ. ಆಕೆಯ ನಿದ್ದೆಗೆಟ್ಟ ರಾತ್ರಿಯೊಂದನ್ನಾದರೂ ಕಥೆ ತೋರಿಸುವುದಿಲ್ಲ. ಹಾಡಿದರು, ಉಳಿಯಿತು. ಅದರ ಬೆನ್ನಲ್ಲೇ ಆ ಅಧ್ಯಕ್ಷೆಯ ಮಗಳು ಕೊತೊರಿಗೆ ವಿದೇಶದಲ್ಲಿ ಉಡುಪಿನ ವಿನ್ಯಾಸವನ್ನು ಕಲಿಯುವ ಅವಕಾಶ ಒದಗುತ್ತದೆ. ಗುಂಪಿನ ಬಟ್ಟೆಗಳನ್ನೆಲ್ಲ ಹೊಲಿದವಳು ಆಕೆಯೇ. ವಿದ್ಯೆಗೂ ಹುಡುಗಿಗೂ ಹೊಂದಿಕೆಯಿದೆ. ನಮ್ಮ ಶಾಲೆಯ ಮಗುವಿಗೆ ಇಂಥ ಪತ್ರ ಬಂದಿದ್ದರೆ ಪ್ರಾರ್ಥನೆಯ ಹೊತ್ತಿನಲ್ಲಿ ಎಲ್ಲರ ಮುಂದೆ ಓದುತ್ತಿದ್ದೆವು. ಕಥೆಯಲ್ಲಿ ಆಗುವುದೇನು? ಹೊನೊಕ ವಿಮಾನ ನಿಲ್ದಾಣಕ್ಕೆ ಓಡಿ, ಹೋಗಬೇಡವೆನ್ನುತ್ತಾಳೆ. ಕೊತೊರಿ ಕಣ್ಣೀರು ಸುರಿಸಿ ಹಿಂದಿರುಗುತ್ತಾಳೆ. ಇಬ್ಬರೂ ಓಡೋಡಿ ಬಂದು ವೇದಿಕೆ ಹತ್ತುತ್ತಾರೆ. ಖಾಲಿಯಿದ್ದ ಸಭಾಂಗಣ ಈಗ ತುಂಬಿದೆ.

ಇಲ್ಲಿ ಕೊರತೆಯಾದದ್ದು ಏನು? ಭಾವವೆಂದು ಹೇಳಲಾಗದು, ಕಣ್ಣೀರು ಬೇಕಾದಷ್ಟಿದೆ. ಭರತನು ವಿಭಾವ, ಅನುಭಾವ, ವ್ಯಭಿಚಾರಿಭಾವಗಳು ಕೂಡಿದರೆ ರಸವೆಂದನು. ವಿಭಾವವೆಂದರೆ ಕಾರಣ, ಅನುಭಾವವೆಂದರೆ ಕಣ್ಣೀರು, ನಡುಕ, ನಗೆ ಮೊದಲಾದ ಹೊರಗಿನ ಗುರುತು. ಈ ಕಥೆಗಳಲ್ಲಿ ಅನುಭಾವದ ಹೊಳೆಯೇ ಹರಿಯುತ್ತದೆ. ವಿಭಾವ ಮಾತ್ರ ಇಲ್ಲ, ಇದ್ದರೂ ತೆಳು. ಅಳುವವಳನ್ನು ತೋರಿಸುತ್ತಾರೆ, ಅಳುವಷ್ಟು ಆದದ್ದನ್ನು ತೋರಿಸುವುದಿಲ್ಲ. "ಪ್ರಯತ್ನ" ಎಂಬ ಶಬ್ದವನ್ನು ಪಾತ್ರಗಳು ಎಷ್ಟು ಸಲ ಆಡುತ್ತಾರೋ, ಪ್ರಯತ್ನದ ಬೇಸರವನ್ನು ಅಷ್ಟೇ ಕಡಿಮೆ ಕಾಣುತ್ತೇವೆ. ಸಾಧನೆಯೆಂದರೆ ಬಹುಮಟ್ಟಿಗೆ ಬೇಸರವೇ ಎಂಬುದನ್ನು ಸ್ವರ ತಿದ್ದಿಸಿಕೊಂಡವರೂ ಅಕ್ಷರ ತಿದ್ದಿಸಿಕೊಂಡವರೂ ಬಲ್ಲರು.

ಕೊರತೆಯ ಮೂಲವನ್ನು ಹುಡುಕಿದಾಗ ಒಂದು ಸಂಗತಿ ತಿಳಿಯಿತು. ಈ ಒಂಬತ್ತು ಹುಡುಗಿಯರ ಚಿತ್ರಗಳೂ ಹಾಡಿನ ತಟ್ಟೆಗಳೂ 2010ರಲ್ಲಿಯೇ ಮಾರುಕಟ್ಟೆಗೆ ಬಂದಿದ್ದುವು. ಒಂದು ಪತ್ರಿಕೆ, ಒಂದು ಚಿತ್ರಸಂಸ್ಥೆ, ಒಂದು ಸಂಗೀತಸಂಸ್ಥೆ ಕೂಡಿ ನಡೆಸಿದ ಉದ್ಯಮವದು. ಹಾಡುವಾಗ ನಡುವೆ ಯಾರು ನಿಲ್ಲಬೇಕೆಂಬುದಕ್ಕೆ ಪತ್ರಿಕೆಯ ಓದುಗರಿಂದ ಮತ ಪಡೆಯುತ್ತಿದ್ದರು. ಹೀಗೆ ಮೂರು ವರ್ಷ ಕಳೆದ ಮೇಲೆ ದೂರದರ್ಶನದ ಕಥೆ ಬಂತು. ಹಾಡು ಮೊದಲು, ಕಥೆ ಆಮೇಲೆ. ಒಂಬತ್ತು ಮಂದಿಯಲ್ಲಿ ಯಾರೊಬ್ಬಳಿಗೂ ನಿಜವಾದ ಸೋಲಾಗಲಿ, ಸಣ್ಣತನವಾಗಲಿ, ಹೊಟ್ಟೆಕಿಚ್ಚಾಗಲಿ ಬರುವಂತಿಲ್ಲ. ಆಕೆಯ ಚಿತ್ರವನ್ನು ಕೊಂಡವರಿಗೆ ನೋವಾದೀತು. ಶಾಲೆ ಮುಚ್ಚುವ ಆತಂಕವೂ ಅಂಗಡಿಯ ಮುಂದಿನ ತೋರಣದ ಹಾಗೆ ಕಟ್ಟಿದ್ದು. ಗಿರಾಕಿ ಒಳಗೆ ಬಂದ ಮೇಲೆ ಅದರ ಕೆಲಸ ಮುಗಿಯಿತು.

ಇವು ಮಕ್ಕಳ ವಿನೋದಕ್ಕಾಗಿ ಮಾಡಿದವು, ಇಷ್ಟೊಂದು ಕಾವ್ಯಮೀಮಾಂಸೆ ಏಕೆ ಎಂದು ಕೇಳುವವರುಂಟು. ಪಂಚತಂತ್ರವೂ ಮಕ್ಕಳಿಗಾಗಿಯೇ ಮಾಡಿದ್ದು. ಅಲ್ಲಿ ಮೊಸಳೆಗೆ ಕೋತಿಯ ಹೃದಯವೇ ಏಕೆ ಬೇಕಾಯಿತೆಂಬುದಕ್ಕೂ ಕಾರಣವುಂಟು. ಮಗು ಕಾರಣವಿಲ್ಲದ ಕಥೆಯನ್ನು ಒಪ್ಪುವುದಿಲ್ಲ, ನಿಮ್ಮ ಮನೆಯ ಮೂರು ವರ್ಷದ ಕೂಸಿಗೆ ಕಥೆ ಹೇಳಿ ನೋಡಿ, "ಯಾಕೆ?" ಎಂಬುದು ಎಷ್ಟು ಸಲ ಬರುತ್ತದೆಂಬುದನ್ನು ಎಣಿಸಿ. ಆ ಪ್ರಶ್ನೆಯನ್ನು ಕೇಳದಂತೆ ದೊಡ್ಡವರಾದ ಮೇಲೆ ಕಲಿಸುತ್ತೇವೆ.

ದೋಷ ಜಪಾನಿಯರದ್ದು ಮಾತ್ರವೆಂದು ಹೇಳಿ ನಾವು ಬೆನ್ನು ತಟ್ಟಿಕೊಳ್ಳುವಂತಿಲ್ಲ. ನಮ್ಮ ದೂರದರ್ಶನದ ಹಾಡುಗಾರಿಕೆಯ ಸ್ಪರ್ಧೆಗಳನ್ನೇ ನೋಡೋಣ. ಮಗು ಹಾಡುವ ಮೊದಲು ಅದರ ಗುಡಿಸಲನ್ನೂ ತಾಯಿಯ ಹರಿದ ಸೆರಗನ್ನೂ ಒಂದೆರಡು ನಿಮಿಷ ತೋರಿಸುವರು. ತೀರ್ಪುಗಾರರ ಕಣ್ಣು ಒದ್ದೆಯಾಗುತ್ತದೆ. ಆ ಮಗುವಿಗೆ ಸ್ವರ ಕಲಿಸಿದವರು ಯಾರು, ಸ್ಪರ್ಧೆಯ ತಿಂಗಳುಗಳಲ್ಲಿ ಶಾಲೆಯ ಪಾಠವೆಷ್ಟು ತಪ್ಪಿತು, ಮುಂದಿನ ವರ್ಷ ಅದು ಏನಾಯಿತು ಎಂಬುದನ್ನು ಯಾವ ಕಂತೂ ಹೇಳದು. ಬಡ ಹುಡುಗ, ಒಂದು ಅವಕಾಶ, ಕೊನೆಗೆ ಚಪ್ಪಾಳೆ ಎಂಬ ಸೂತ್ರದ ಮೇಲೆ ನಮ್ಮಲ್ಲಿ ತೆಗೆದ ಚಲನಚಿತ್ರಗಳ ಪಟ್ಟಿ ಮಾಡಹೊರಟರೆ ಸಂಪಾದಕರು ಕೊಟ್ಟಿರುವ ಪುಟಗಳು ಸಾಲವು.

ಗಡಿನಾಡಿನವರಾದ ನಮಗೆ ಹತ್ತಿರದ ನಿದರ್ಶನವೊಂದಿದೆ. ಡಾ. ರಾಜ್‌ಕುಮಾರ್ ಅವರ ಗಾಜನೂರು ಇರುವುದು ನಮ್ಮ ಜಿಲ್ಲೆಗೆ ನೆರೆಯ ಈರೋಡು ಜಿಲ್ಲೆಯ ತಾಳವಾಡಿಯಲ್ಲಿ, ತಮಿಳುನಾಡಿನ ಎಲ್ಲೆಯೊಳಗೆ. ಅವರ ಬದುಕನ್ನು ನಮ್ಮ ಮಕ್ಕಳಿಗೆ ನಾವು ಹೇಗೆ ಹೇಳುತ್ತೇವೆ? ಬಡ ಹುಡುಗ, ಹೆಚ್ಚು ಓದಲಿಲ್ಲ, 1954ರಲ್ಲಿ 'ಬೇಡರ ಕಣ್ಣಪ್ಪ' ಬಂತು, ವರನಟನಾದ. ನಡುವಣ ಒಂದು ತಪಸ್ಸು ಈ ವಾಕ್ಯದಲ್ಲಿ ಮಾಯವಾಗಿದೆ. ತಂದೆ ಪುಟ್ಟಸ್ವಾಮಯ್ಯನವರು ಗುಬ್ಬಿ ಕಂಪನಿಯ ನಟರು. ಮಗ ಎಳೆಯ ವಯಸ್ಸಿನಲ್ಲೇ ಕಂಪನಿ ಸೇರಿ, ಸಣ್ಣಪುಟ್ಟ ಪಾತ್ರ ಮಾಡುತ್ತ, ಹಿರಿಯರ ಮಾತು, ಹಾಡು, ನಿಲುವುಗಳನ್ನು ರಂಗದ ಪಕ್ಕದಲ್ಲಿ ನಿಂತು ಕಲಿಯುತ್ತ ವರ್ಷಗಳನ್ನು ಕಳೆದರು. 1884ರಲ್ಲಿ ಹುಟ್ಟಿದ ಗುಬ್ಬಿ ಕಂಪನಿಯೆಂದರೆ ಒಂದು ಪಾಠಶಾಲೆ, ಒಂದು ಅಡುಗೆಮನೆ, ಒಂದು ಸಾಲದ ಲೆಕ್ಕ, ಎಲ್ಲವೂ ಹೌದು. ವೀರಣ್ಣನವರು ತಮ್ಮ ಆತ್ಮಕಥೆಗೆ 'ಕಲೆಯೇ ಕಾಯಕ' ಎಂದು ಹೆಸರಿಟ್ಟರು. ಆ ಹೆಸರಿನ ಎರಡನೆಯ ಶಬ್ದವನ್ನು ನಾವು ಮರೆತಿದ್ದೇವೆ.

ಕನ್ನಡದಲ್ಲಿ ಈ ಕಾಯಕವನ್ನು ಬಲ್ಲ ಕೃತಿಗಳೂ ಉಂಟು. ಅ. ನ. ಕೃಷ್ಣರಾಯರು 'ಸಂಧ್ಯಾರಾಗ'ದಲ್ಲಿ ಸಂಗೀತಗಾರನನ್ನೂ 'ನಟಸಾರ್ವಭೌಮ'ದಲ್ಲಿ ನಾಟಕದ ನಟನನ್ನೂ ಕಾದಂಬರಿಯ ನಡುವೆ ನಿಲ್ಲಿಸಿದರು. ಅವರ ಮಾತಿನ ಓಘ ಈಗಿನವರಿಗೆ ಹೆಚ್ಚೆನಿಸಬಹುದು; ಆದರೆ ಕಲಾವಿದನ ಮನೆಯಲ್ಲಿ ಒಲೆ ಉರಿಯಬೇಕೆಂಬುದನ್ನು ಅವರು ಮರೆಯಲಿಲ್ಲ. ತ. ರಾ. ಸುಬ್ಬರಾಯರ 'ಹಂಸಗೀತೆ' ಚಿತ್ರದುರ್ಗದ ಗಾಯಕ ಭೈರವಿ ವೆಂಕಟಸುಬ್ಬಯ್ಯನ ಕಥೆ. ಜಿ. ವಿ. ಅಯ್ಯರ್ ಅದನ್ನು 1975ರಲ್ಲಿ ಚಿತ್ರವಾಗಿಸಿದರು. ಅಧಿಕಾರದ ಅಪ್ಪಣೆಗೆ ಹಾಡಲೊಲ್ಲದೆ ಗಾಯಕನು ತನ್ನ ನಾಲಗೆಯನ್ನೇ ಕತ್ತರಿಸಿಕೊಂಡನೆಂಬುದು ಐತಿಹ್ಯ. ಬರಿಯ ಸುದ್ದಿಯಾಗಿ ಕೇಳಿದರೆ ಇದೊಂದು ಭಯಂಕರ ಕೃತ್ಯ. ಆದರೆ ಆ ನಾಲಗೆ ಹದಗೊಂಡ ಬಗೆಯನ್ನು, ಗುರುವಿಗಾಗಿ ಅಲೆದದ್ದನ್ನು, ಗರ್ವವೇರಿದ್ದನ್ನು, ಗರ್ವ ಮುರಿದದ್ದನ್ನು ಮೊದಲೇ ಕಂಡಿರುತ್ತೇವಾಗಿ, ಕತ್ತರಿಸಿದಾಗ ಹೋದದ್ದೇನೆಂಬುದು ನಮಗೆ ಗೊತ್ತು. ವಿಮಾನ ನಿಲ್ದಾಣದ ಕಣ್ಣೀರಿಗೂ ಇದಕ್ಕೂ ಇರುವ ಅಂತರ ಇಷ್ಟೆ.

ಪುಟ್ಟಣ್ಣ ಕಣಗಾಲರ 'ರಂಗನಾಯಕಿ' (1981) ನಮ್ಮ ವಾದಕ್ಕೆ ಎರಡು ಕಡೆಯಿಂದಲೂ ಸಾಕ್ಷಿ ನುಡಿಯುತ್ತದೆ. ಅದರ ಪೂರ್ವಾರ್ಧದಲ್ಲಿ ನಾಟಕ ಕಂಪನಿಯೊಂದರ ಸಂಸಾರವಿದೆ. ನಟಿಯನ್ನು ಕೈಹಿಡಿದ ಸಿರಿವಂತ ಗಂಡ, ಆಕೆ ಬಣ್ಣ ಹಚ್ಚಕೂಡದೆಂದು ಬಯಸುತ್ತಾನೆ. ಆಕೆ ಹಚ್ಚಿದಾಗ ಸಂಸಾರ ಒಡೆಯುತ್ತದೆ, ಮಗು ಕೈತಪ್ಪುತ್ತದೆ. ಮೆಚ್ಚುವಾಗ ಚಪ್ಪಾಳೆ ತಟ್ಟುವ ಸಮಾಜ ಮನೆಗೆ ತಂದುಕೊಂಡ ಮೇಲೆ ಬಾಗಿಲು ಹಾಕುವುದೆಂಬ ಕಾರಣ ಇಲ್ಲಿ ಗಟ್ಟಿಯಾಗಿದೆ. ಉತ್ತರಾರ್ಧದಲ್ಲಿ ಆಕೆ ಚಿತ್ರತಾರೆಯಾಗುತ್ತಾಳೆ. ಬೆಳೆದ ಮಗ ತಾಯಿಯೆಂದರಿಯದೆ ಅವಳಲ್ಲಿ ಅನುರಕ್ತನಾಗುತ್ತಾನೆ. ಆರತಿಯವರ ಅಭಿನಯ ಎಷ್ಟೇ ಸಮರ್ಥವಾದರೂ ಕಾರಣದ ಜಾಗವನ್ನು ಆಕಸ್ಮಿಕವು ಕಿತ್ತುಕೊಂಡಿತೆಂದೇ ನಮ್ಮ ಅಭಿಪ್ರಾಯ. ಒಪ್ಪದ ಮಿತ್ರರು ಬಹಳ ಮಂದಿಯಿದ್ದಾರೆ. ಗೂಡಲೂರಿನ ಬಸ್ ನಿಲ್ದಾಣದಲ್ಲಿ ಈ ಕುರಿತು ನಡೆದ ಒಂದು ವಾದದಿಂದಾಗಿ ನಮಗೆ ಕೊನೆಯ ಬಸ್ಸು ತಪ್ಪಿದೆ. ಹಿಂದಿಯ 'ಭೂಮಿಕಾ' (1977) ಮರಾಠಿ ನಟಿ ಹಂಸಾ ವಾಡಕರ್ ಅವರ ಆತ್ಮಕಥೆಯನ್ನು ಆಧರಿಸಿ ಶ್ಯಾಮ್ ಬೆನೆಗಲ್ ತೆಗೆದದ್ದು. ಚಿತ್ರಕಥೆಯಲ್ಲಿ ನಮ್ಮ ಗಿರೀಶ ಕಾರ್ನಾಡರ ಕೈಯಿದೆ. ಹೆಂಡತಿ ದುಡಿಯುವಳು, ಗಂಡ ಒಪ್ಪಂದಕ್ಕೆ ರುಜು ಹಾಕಿಸಿ ಹಣ ಎಣಿಸುವನು. ಬೆಳಕಿನಲ್ಲಿ ನಿಂತವಳ ಸಂಬಳ ಯಾರ ಜೇಬಿಗೆ ಹೋಗುತ್ತದೆಂದು ಕೇಳಿದ ಕೂಡಲೇ ಕಥೆಗೆ ಮೂಳೆ ಬರುತ್ತದೆ.

ಈ ಪ್ರಶ್ನೆಯನ್ನು ಕೇಳುವುದಕ್ಕೆ ನಮ್ಮ ಬೆಟ್ಟದವರು ಹೊರಗೆ ಹೋಗಬೇಕಾಗಿಲ್ಲ. ಹಿಂದೆ ಬಡಗರ ಮನೆಯ ಸಾವಿಗೂ ಆಚರಣೆಗಳಿಗೂ ಕೋತರು ಬಂದು ವಾದ್ಯ ನುಡಿಸುತ್ತಿದ್ದರು. ಪ್ರತಿಯಾಗಿ ಬಡಗರಿಂದ ಧಾನ್ಯ ಸಲ್ಲುತ್ತಿತ್ತು. ಇಂಥ ಮನೆಗೆ ಇಂಥ ವಾದ್ಯದವರೆಂಬ ಕಟ್ಟುಪಾಡು ತಲೆಮಾರುಗಳಿಂದ ಬಂದದ್ದು. 1930ರ ದಶಕದ ಹೊತ್ತಿಗೆ ಬಡಗರಲ್ಲಿ ಬಹುಮಂದಿ ಆ ಪದ್ಧತಿಯನ್ನು ಬಿಟ್ಟರು. ನುಡಿಸುವವನ ಕೈಗೆ ಧಾನ್ಯ ಬಾರದೆ ಹೋದಾಗ ಸಂಗೀತಕ್ಕೆ ಏನಾಯಿತೆಂಬುದು ಯಾವ ಐಡಲ್ ಕಥೆಗಿಂತಲೂ ದೊಡ್ಡ ಕಥೆ. ಉದಕಮಂಡಲದ ಹತ್ತಿರ 1960ರಲ್ಲಿ ಸ್ಥಾಪನೆಯಾದ ಹಿಂದೂಸ್ತಾನ್ ಫೋಟೊ ಫಿಲ್ಮ್ಸ್ ಕಾರ್ಖಾನೆಯನ್ನೂ ಇಲ್ಲಿ ನೆನೆಯಬೇಕು. ಬೆಳಕು ತಾಗಿದರೆ ಕೆಡುವ ಸುರುಳಿಗಳನ್ನು ಕತ್ತಲೆಯ ಕೋಣೆಗಳಲ್ಲಿ ನಮ್ಮ ಜಿಲ್ಲೆಯ ಕಾರ್ಮಿಕರು ತಯಾರಿಸಿದರು. ಅದು ಮುಚ್ಚಿಹೋಯಿತು. ನಮ್ಮ ಹುಲ್ಲುಗಾವಲಿನಲ್ಲಿ ಬಂದು ಕುಣಿದು ಹೋದ ಚಿತ್ರಗಳಿಗೆ ಲೆಕ್ಕವಿಲ್ಲ. ಆ ಕೋಣೆಗಳೊಳಗೆ ಹೊಕ್ಕ ಕಥೆಯೊಂದನ್ನು ನಾವಂತೂ ಕಾಣೆವು.

ಜಪಾನಿಯರಲ್ಲಿಯೂ ಲೆಕ್ಕ ಕೇಳಿದವರಿದ್ದಾರೆಂಬುದನ್ನು ಹೇಳದಿದ್ದರೆ ಅನ್ಯಾಯವಾದೀತು. ಸತೊಶಿ ಕೊನ್ ಎಂಬ ನಿರ್ದೇಶಕನ 'ಪರ್ಫೆಕ್ಟ್ ಬ್ಲೂ' (1997) ಮಕ್ಕಳಿಗೆ ತೋರಿಸತಕ್ಕದ್ದಲ್ಲ, ಅಧ್ಯಾಪಕರು ನೋಡಬಹುದು. ಮೂವರ ಗುಂಪಿನಲ್ಲಿ ಹಾ­ಡುತ್ತಿದ್ದ ಮಿಮಾ ಎಂಬವಳು ಹಾಡು ಬಿಟ್ಟು ನಟಿಯಾಗಲು ಹೊರಡುತ್ತಾಳೆ. ಅವಳ ಹೆಸರಿನಲ್ಲಿ ಯಾರೋ ದಿನಚರಿ ಬರೆದು ಅಂತರ್ಜಾಲದಲ್ಲಿ ಪ್ರಕಟಿಸುತ್ತಿದ್ದಾರೆ. ರೈಲಿನಿಂದ ಇಳಿಯುವಾಗ ಮೊದಲು ಯಾವ ಕಾಲಿಟ್ಟಳೆಂಬುದೂ ಅದರಲ್ಲಿದೆ. ಇದನ್ನು ಓದಿ ಮೊದಲು ನಗುವ ಹುಡುಗಿಗೆ ಆಮೇಲೆ ತಾನು ಯಾರೆಂಬುದೇ ಸಂದೇಹಕ್ಕೆ ಬೀಳುತ್ತದೆ. ಅವಳ ವ್ಯವಹಾರ ನೋಡಿಕೊಳ್ಳುವ ಹೆಂಗಸು ಹಿಂದೆ ತಾನೂ ಐಡಲ್ ಆಗಿದ್ದವಳು. ಕಾಲ ಮುಗಿದ ಮೇಲೆ ವಿಗ್ರಹಗಳು ಏನಾಗುತ್ತವೆಂಬ ಪ್ರಶ್ನೆ ಆ ಪಾತ್ರದೊಳಗೆ ಕುಳಿತಿದೆ. ಈಚಿನ 'ಒಶಿ ನೊ ಕೊ' (2023) ಈ ಕಸುಬಿನ ಸುಳ್ಳುಗಳನ್ನು ಬಿಡಿಸಿ ಹೇಳಲು ಹೊರಡುತ್ತದಾದರೂ, ಪುನರ್ಜನ್ಮ ಕೊಲೆ ಸೇಡುಗಳ ಗದ್ದಲದಲ್ಲಿ ತನ್ನ ಒಳ್ಳೆಯ ಮಾತನ್ನು ತಾನೇ ಕೇಳಿಸಿಕೊಳ್ಳದು.

ನಮ್ಮನ್ನು ಹೆಚ್ಚು ಯೋಚನೆಗೆ ಹಚ್ಚಿದ್ದು ಇವೆರಡೂ ಅಲ್ಲ, ಮೊದಲು ಹೇಳಿದ 'ಲವ್ ಲೈವ್!'ನ ತಂಗಿಯಾದ 'ಸನ್‌ಶೈನ್'. 2016 ಮತ್ತು 2017ರಲ್ಲಿ ಎರಡು ಭಾಗವಾಗಿ ಬಂದದ್ದು. ಇಲ್ಲಿ ಶಾಲೆಯಿರುವುದು ನುಮಜು ಊರಿನ ಹೊರಗೆ, ಉಚಿಉರ ಎಂಬ ಕಡಲತಡಿಯ ಹಳ್ಳಿಯಲ್ಲಿ. ಈ ಶಾಲೆಯ ಅಧ್ಯಕ್ಷಸ್ಥಾನದಲ್ಲಿ ವಿದ್ಯಾರ್ಥಿನಿಯೊಬ್ಬಳೇ ಕುಳಿತಿದ್ದಾಳೆ. ಅವಳ ಮನೆಯವರು ಹಣ ಕೊಟ್ಟವರಂತೆ. ಇಂಥ ಭಾಗ್ಯ ಯಾವ ಮುಖ್ಯೋಪಾಧ್ಯಾಯನಿಗೂ ಬೇಡ. ಅದಂತಿರಲಿ. ಹಿಂದಿನ ಒಂಬತ್ತು ಮಂದಿಯ ಕೀರ್ತಿಯನ್ನು ಕೇಳಿ ಈ ಹಳ್ಳಿಯ ಹುಡುಗಿಯರೂ ಹಾಡಹೊರಡುತ್ತಾರೆ. ರಾಜಧಾನಿಗೆ ಹೋಗಿ ಹಾಡಿದಾಗ ಅವರಿಗೆ ಬಿದ್ದ ಮತ ಸೊನ್ನೆ. ಎರಡನೆಯ ಭಾಗದಲ್ಲಿ ಗಡುವು ಬರುತ್ತದೆ: ಅರ್ಜಿಗಳು 100 ಆದರೆ ಶಾಲೆ ಉಳಿದೀತು. ಅವಧಿಯನ್ನು ಬೆಳಗಿನ ಐದು ಗಂಟೆಯವರೆಗೆ ಬೆಳೆಸುತ್ತಾರೆ. ಹುಡುಗಿಯರು ರಾತ್ರಿಯೆಲ್ಲ ಎಚ್ಚರವಿದ್ದು ಅಂಕಿ ನೋಡುತ್ತಾರೆ. ಐದು ಗಂಟೆಯಾದಾಗ ಅರ್ಜಿಗಳು 98.

ಶಾಲೆ ಮುಚ್ಚುತ್ತದೆ.

ಆ 98ನ್ನು ಬರೆದವನಿಗೆ ನಾವು ಮನಸಾರೆ ವಂದಿಸುತ್ತೇವೆ. 100 ಎಂದು ಬರೆಯಲು ಅವನ ಮೇಲೆ ಅದೆಷ್ಟು ಒತ್ತಾಯವಿದ್ದಿರಬೇಕು! 40 ಎಂದು ಬರೆದಿದ್ದರೂ ಸುಲಭವಾಗುತ್ತಿತ್ತು. ಎಟುಕದ್ದಕ್ಕೆ ಯಾರೂ ಬಹಳ ದಿನ ಅಳುವುದಿಲ್ಲ. ಎರಡು ಕಡಿಮೆ ಎಂಬುದರ ನೋವನ್ನು ದಾಖಲಾತಿ ಪುಸ್ತಕದ ಮುಂದೆ ಕುಳಿತವರೇ ಬಲ್ಲರು. ಎಷ್ಟು ಹಾಡಿದರೂ ಉಳಿಯದ್ದು ಉಂಟೆಂಬುದನ್ನು ಆ ಒಂದು ಅಂಕಿ ಹೇಳುತ್ತದೆ. ಕಥೆ ಅಲ್ಲಿಯೇ ನಿಂತು, ಆ ಹಳ್ಳಿಯೊಳಗೆ ತಿರುಗಿ ನೋಡಬೇಕಿತ್ತು. ಹಾಗೆ ಮಾಡದೆ, ಶಾಲೆ ಹೋದರೇನು, ಅದರ ಹೆಸರನ್ನು ಸ್ಪರ್ಧೆಯ ಚರಿತ್ರೆಯಲ್ಲಿ ಕೆತ್ತುತ್ತೇವೆಂದು ಹುಡುಗಿಯರು ಹಟ ತೊಟ್ಟು, ಕೊನೆಗೆ ಗೆದ್ದೇ ಗೆಲ್ಲುತ್ತಾರೆ. ಸೋಲಿನ ಬಾಗಿಲನ್ನು ತೆರೆದವರೇ ಹೆದರಿ ಮತ್ತೆ ವೇದಿಕೆಯ ಮೇಲೆ ಓಡಿಹೋದರು. ಆದರೂ ಒಮ್ಮೆ ತೆರೆದದ್ದಂತೂ ನಿಜ.

ನಮ್ಮ ಹುಡುಗಿಯನ್ನು ಕರೆದು, ಈ ಎರಡನೆಯ ಕಥೆಯನ್ನೂ ನೋಡಿದ್ದೀಯಾ ಎಂದು ಕೇಳಿದೆವು. ನೋಡಿದ್ದಳು. "ಅದು ಅಷ್ಟು ಚೆನ್ನಾಗಿಲ್ಲ ಸಾರ್, ಸ್ಕೂಲು ಮುಚ್ಚಿಬಿಡ್ತಾರೆ" ಎಂದಳು. ಹಾಡಿನ ಗುಂಪಿಗೆ ನಾವು ಅಡ್ಡಿ ಹೇಳಲಿಲ್ಲ. ಶನಿವಾರ ಮಧ್ಯಾಹ್ನ ಒಂದು ಕೋಣೆಯನ್ನು ಬಿಟ್ಟುಕೊಟ್ಟೆವು. ಅದರ ಜೊತೆಗೆ ಒಂದು ಕೆಲಸವನ್ನೂ ಕೊಟ್ಟೆವು. ಬಾರದೆ ಹೋದ ಆ ಇಬ್ಬರು ಯಾರು, ಏಕೆ ಬರಲಿಲ್ಲ ಎಂಬುದನ್ನು ಒಂದು ಪುಟದಲ್ಲಿ ಬರೆದು ತಾ ಎಂದೆವು. ಹತ್ತು ದಿನ ತಪ್ಪಿಸಿಕೊಂಡು ತಿರುಗಿದಳು. ಹನ್ನೊಂದನೆಯ ದಿನ ಒಂದೂವರೆ ಪುಟ ತಂದಳು, ಕನ್ನಡದಲ್ಲಿಯೇ.

ಅವಳ ಕಥೆಯಲ್ಲಿ ಆ ಇಬ್ಬರು ಅಕ್ಕತಂಗಿಯರು. ಕಡಲು ಎಲ್ಲಿಯೂ ಇಲ್ಲ. ಚಹಾ ತೋಟದ ಲೈನ್ ಮನೆಯಿದೆ. ತೋಟದಲ್ಲಿ ವಾರಕ್ಕೆ ಮೂರೇ ದಿನ ಕೆಲಸವಾದುದರಿಂದ ತಂದೆ ತಿರುಪ್ಪೂರಿನ ಬನಿಯನ್ ಕಂಪನಿಗೆ ಸೇರುತ್ತಾನೆ. ಅಕ್ಕ ಅರ್ಜಿಯನ್ನು ತುಂಬಿ ಇಟ್ಟಿದ್ದಾಳೆ. ತಂದೆಯ ರುಜು ಬಾಕಿ. ಗಂಟುಮೂಟೆ ಕಟ್ಟುವಾಗ ಆ ಕಾಗದವನ್ನು ತಾಯಿ ಪಾತ್ರೆ ಸುತ್ತಲು ಉಪಯೋಗಿಸುತ್ತಾಳೆ. ಬೆಳಗಿನ ಐದು ಗಂಟೆಯ ಬಸ್ಸಿಗೆ ಎಲ್ಲರೂ ಹೊರಡುತ್ತಾರೆ. ಹಾಡಿನ ಮಾತು ಬರುವುದು ಒಂದೇ ಕಡೆ: ಬಸ್ಸಿನ ಡ್ರೈವರು ಯಾವುದೋ ಹಾಡು ಹಾಕುತ್ತಾನೆ, ತಂಗಿ ನಿದ್ದೆ ಹೋಗಿರುತ್ತಾಳೆ.

ಏಳು ಕಾಗುಣಿತದ ತಪ್ಪುಗಳಿದ್ದುವು. ತಿದ್ದಿ ಕೊಟ್ಟಿದ್ದೇವೆ.